ಹಲೋ ಎನ್ನುವುದರೊಳಗೆ ಹರಾಜು

ನಮ್ಮ ಸೋದರಮಾವ ಇನ್ನೂ ಬದುಕಿರುವುದೇ ಆಶ್ಚರ್ಯ, ಏಕೆಂದರೆ ಅವರಿಗೆ ಉಸಿರಾಡಲು ಪುರಸೊತ್ತಿಲ್ಲ! ಉತ್ಪ್ರೇಕ್ಷೆ ಎನ್ನುತ್ತೀರಾ? ಹಾಗಾದರೆ ಅವರ ಜೊತೆ ಹಾಸನದಲ್ಲಿ ಒಮ್ಮೆ ದೋಸೆ ತಿನ್ನಲು ಹೋಗಿ ನೋಡಿ. ಮಾಣಿ ಬಂದು "ಏನ್ ಕೊಡ್ಲಿ ಸಾ?" ಎನ್ನುವಷ್ಟರಲ್ಲಿ ಮಾವ ಎದ್ದು ಪಕ್ಕದ ಹೋಟೆಲಿನಲ್ಲಿ ಕೂತಿರುತ್ತಾರೆ.

ತಪ್ಪು ಅವರದಲ್ಲ, ಉದ್ಯೋಗದ್ದು. ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಅವರು ಹರಾಜು ನಡೆಸುತ್ತಾರೆ. ಮಾಲು ಏನು ಗೊತ್ತೆ? ಫೋನ್ ಕರೆ! ಅರಕಲಗೂಡಿನ ಕಡೆ ಯಾರದೋ ಬೋರ್‌ವೆಲ್ ಮೋಟರ್ ಸುಟ್ಟುಹೋಯಿತೆನ್ನಿ. ಅವರು ಮಾವನ ನಂಬರಿಗೆ ಫೋನ್ ಮಾಡುತ್ತಾರೆ. ಯಂತ್ರ ಊರು ಕೇಳುತ್ತದೆ. ಊರು ತಿಳಿದದ್ದೇ ತಡ, ಆ ಗಿರಾಕಿ ನಮಗಿರಲಿ, ನಮಗಿರಲಿ ಎಂದು ಜಿಲ್ಲೆಯ ಮೋಟರ್ ರಿಪೇರಿ ಅಂಗಡಿಗಳ ಪರವಾಗಿ ಕಂಪ್ಯೂಟರುಗಳು ಬೆಲೆ ಕೂಗುತ್ತವೆ. ಹೆಚ್ಚು ಕೂಗಿದ ಅಂಗಡಿಗೆ ಕರೆ ಹೋಗಿ ಸೇರುತ್ತದೆ. ಇಷ್ಟೆಲ್ಲ ಫೋನ್ ಮಾಡಿದವರು ಇನ್ನೊಂದು ಸಲ 'ಹಲೋ' ಎನ್ನುವುದರೊಳಗೆ ಮುಗಿಯಬೇಕು. ತಡವಾದರೆ ಗಿರಾಕಿ ಫೋನಿಟ್ಟುಬಿಡುತ್ತಾನೆ, ಅಂಗಡಿಯವರು ಮೈಸೂರಿನ ಇನ್ನೊಂದು ಕಂಪನಿ ಸೇರಿಕೊಳ್ಳುತ್ತಾರೆ, ಮಾವನ ಕೋಣೆಗೆ ಬೀಗ. ಆ ವೇಗವನ್ನು ಕಾಯುವುದೇ ಅವರ ಅನ್ನ.

ಕೋಣೆಯ ಕಾಯಿದೆಯನ್ನು ಮಾವ ಮನೆಗೂ ತಂದರು. ಸೀರೆ ಅಂಗಡಿಯಲ್ಲಿ ಅತ್ತೆಯ ಮುಂದೆ ಚಿಟಿಕೆ ಹೊಡೆದು "ಯಾವ್ದು ಬೇಕು? ಟೈಮ್ ಮುಗೀತು!" ಎಂದು ಎದ್ದೇಬಿಟ್ಟರು. ಅತ್ತೆ ಕೂತಲ್ಲಿಂದ ಕದಲಲಿಲ್ಲ. "ನಿಮ್ಮನ್ನ ಒಪ್ಕಳಕ್ಕೆ ನಾನು ತಿಂಗ್ಳಾನುಗಟ್ಲೆ ತಕಂಡೆ. ಈ ಚಿಟಿಕೆ ಆವತ್ತೇ ಒಡ್ದಿದ್ರೆ ಬಚಾವಾಗೋಯ್ತಿದ್ದೆ ಕಣ್ರೀ!"

ಚನ್ನರಾಯಪಟ್ಟಣಕ್ಕೆ ನನಗೆ ಹೆಣ್ಣು ನೋಡಲು ಹೋದಾಗ ಹಿರಿಯರೆಂದು ಇವರನ್ನೇ ಕರೆದುಕೊಂಡು ಹೋಗಿದ್ದೆ. ಬುದ್ಧಿ ಇತ್ತೇ ನನಗೆ? ಹುಡುಗಿ ಕಾಫಿ ತಟ್ಟೆ ಕೆಳಗಿಡುವ ಮೊದಲೇ ಮಾವ, "ಒಪ್ಗೆನಾ ಇಲ್ವಾ? ಬೇಗ ಏಳವ್ವ" ಎಂದರು. "ಇಲ್ಲ" ಎಂದಳು. ಅಷ್ಟೇ ಬೇಗ! ಬಸ್ಸಿನಲ್ಲಿ ಮಾವನಿಗೆ ತಡೆಯಲಾರದ ಸಂಕಟ. "ಏನ್ ಸ್ಪೀಡ್ ಕಣ್ಲಾ ಆ ಉಡ್ಗಿ! ಅಂಥದ್ದು ಕೈ ತಪ್ಪೋಯ್ತಲ್ಲಾ!"

ಆದರೆ ಮಾವನ ವೇಗಕ್ಕೆ ನಿಜವಾದ ಶತ್ರು ನಮ್ಮ ಜನ. ಯಂತ್ರ "ನಿಮ್ಮ ಊರು ಹೇಳಿ" ಎಂದರೆ ನಮ್ಮವರು ಊರು ಹೇಳಿಬಿಡುತ್ತಾರೆಯೇ? ದುದ್ದದ ಹಿರಿಯರೊಬ್ಬರು ಯಂತ್ರದ ಹೆಣ್ಣುದನಿಯನ್ನೇ ವಿಚಾರಿಸಿಕೊಂಡರು: "ನಮ್ಮೂರ್ ಇರ್ಲಿ, ನಿಂದ್ಯಾವೂರವ್ವ? ಊಟ ಆಯ್ತಾ?" ಹೊಳೆನರಸೀಪುರದ ಗಿರಾಕಿಯೊಬ್ಬರು ಊರಿಗೆ ಬರುವ ದಾರಿಯನ್ನು ತಿರುವು ತಿರುವಾಗಿ ವಿವರಿಸಿದರು, ಊರ ಹೆಸರೊಂದನ್ನು ಬಿಟ್ಟು!

ಕರೆಗಳು ನಿಧಾನವಾದವು. ಅಂಗಡಿಯವರು ಗೊಣಗಿದರು. ಒಂದು ಮಧ್ಯಾಹ್ನ ಬಂದು ಕಣ್ಣಾರೆ ನೋಡುತ್ತೇವೆ, ಸರಿಹೋಗದಿದ್ದರೆ ಮೈಸೂರಿಗೆ ಹೊರಟೆವು ಎಂದರು. ಮಾವ ಯಂತ್ರಕ್ಕೆ ಹೊಸ ಅಪ್ಪಣೆ ಕೊಟ್ಟರು: ಕೇಳಿದ ತಕ್ಷಣ ಊರು ಹೇಳದಿದ್ದರೆ ಲೈನ್ ಕಟ್! "ಊರೇಳಕ್ಕೆ ಎಷ್ಟೊತ್ ಬೇಕ್ಲಾ?"

ಅಂಗಡಿಯವರು ಬಂದ ದಿನ ಕಾಫಿ ಕೊಡಲು ನಾನೂ ಇದ್ದೆ. ಕರೆಗಳು ಪಟಪಟನೆ ಹರಿದುಹೋಗುತ್ತಿದ್ದವು. ಪರದೆಯ ಮುಂದೆ ಕೂತವರು ತಲೆದೂಗುತ್ತಿದ್ದರು. ಮಾವನ ಮುಖದಲ್ಲಿ ಮದುವೆಯ ಕಳೆ. ಅಷ್ಟರಲ್ಲಿ ಒಂದು ನಂಬರು ಬಂತು, ಕಟ್ ಆಯಿತು. ಮತ್ತೆ ಬಂತು, ಮತ್ತೆ ಕಟ್. ಅದೇ ನಂಬರು, ಮತ್ತೆ ಮತ್ತೆ.

"ಯಾವನೋ ಆಟ ಆಡ್ತಾವ್ನೆ, ಬ್ಲಾಕ್ ಮಾಡಿ ಸಾ" ಎಂದರು ಒಬ್ಬರು.

ಬೈಯುವುದಕ್ಕೆಂದೇ ಮಾವ ಕರೆಯನ್ನು ಸ್ಪೀಕರಿಗೆ ಹಾಕಿಕೊಂಡರು. "ಕ... ಕ... ಕ..." ಗಂಡಸಿನ ದನಿ. ಮಾತು ಉಗ್ಗುತ್ತಿತ್ತು. ಬೈಯುವುದನ್ನು ಬಿಟ್ಟು ಮಾವ ಕೈ ಚಾಚಿ ಯಂತ್ರದ ಕಟ್ ಅಪ್ಪಣೆಯನ್ನು ನಿಲ್ಲಿಸಿದರು. ಅದರ ಹಿಂದೆ ಬಂದ ಕರೆಗಳೆಲ್ಲ ಸಾಲುಗಟ್ಟಿದವು, ಪರದೆ ಕೆಂಪಾಯಿತು.

"ಟೈಮ್ ಓಯ್ತಾ ಐತೆ, ಬಿಡಿ ಸಾ!"

ಮಾವ ಅಂಗಡಿಯವರತ್ತ ತಿರುಗಲಿಲ್ಲ. "ನಿಧಾನಕ್ಕೇಳಪ್ಪ" ಎಂದರು ಫೋನಿಗೆ. "ನಾನಿಲ್ಲೇ ಇವ್ನಿ. ಎಲ್ಲೂ ಓಗಕಿಲ್ಲ."

"ಕ... ಕಟ್... ಕಟ್ಟಾ..."

ಊರು ಕಟ್ಟಾಯ ಎಂದು ನನಗೇ ತಿಳಿದುಹೋಯಿತು. ಮಾವನಿಗೆ ತಿಳಿಯದೆ ಇದ್ದೀತೇ? ಯಾರ ಮಾತನ್ನೂ ಪೂರ್ತಿಯಾಗಲು ಬಿಡದೆ ತಾವೇ ಮುಗಿಸಿಬಿಡುವ ಮನುಷ್ಯ! ಆದರೆ ಆವತ್ತು ಅವರು ಆ ಹೆಸರನ್ನು ಹೇಳಲಿಲ್ಲ. ತುಟಿ ಬಿಗಿಹಿಡಿದು, ಅದನ್ನು ಅವನೇ ಹೇಳಲಿ ಎಂದು ಕಾದರು. ಅಂಗಡಿಯವರಲ್ಲಿ ಇಬ್ಬರು ಎದ್ದು ಮೆಟ್ಟಿಲಿಳಿದು ಹೋದರು. ಇಷ್ಟು ದಿನ ನಗುವುದಕ್ಕಷ್ಟೇ ಆಗಿದ್ದ ಮಾವನ ಮೇಲೆ ನನಗೆ ಇದ್ದಕ್ಕಿದ್ದಂತೆ ಬಹಳ ಪ್ರೀತಿ ಬಂತು.

"ಕಟ್ಟಾಯ ಸಾ!" ಎಂದಿತು ದನಿ, ಗೆದ್ದವರಂತೆ.

"ಆಯ್ತಪ್ಪ" ಎಂದ ಮಾವ ಕುರ್ಚಿ ಎಳೆದುಕೊಂಡು ಕೂತರು. "ಈಗ ಮೋಟ್ರಿಗೆ ಏನಾಗೈತೆ, ಏಳು."