ಮುಳ್ಳು ನಡುವೆ ನಿಲ್ಲಲಿ

ಬೇರೆಯವರ ಮನೆಯಲ್ಲಿ ಹಾಲು ಉಕ್ಕುತ್ತದೆ, ನಮ್ಮ ಮನೆಯಲ್ಲಿ ಕಾರು ಉಕ್ಕುತ್ತದೆ. ಅದೂ ನಾನು ಅವಸರದಲ್ಲಿದ್ದಾಗಲೇ.

ನಾನು ಗುಡಗೇರಿಯಲ್ಲಿ ವಿಜ್ಞಾನದ ಮಾಸ್ತರ. ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎಂದು ಊರಿನ ಅರ್ಧ ಮಂದಿಗೆ ಕಲಿಸಿದವನು. ಆದರೂ ನಮ್ಮ ಹಳೇ ಕಾರಿನ ಬಿಸಿ ತೋರಿಸುವ ಮುಳ್ಳು ನಡುವಿನಿಂದ ಕೆಂಪಿಗೆ, ಕೆಂಪಿನಿಂದ ನಡುವಿಗೆ ಓಡಾಡತೊಡಗಿದಾಗ ನನ್ನ ಎದೆಯೂ ಅದರ ಜೊತೆಗೇ ಏರಿ ಇಳಿಯಿತು. ಮುಂದಿನ ಸೋಮವಾರ ದೇವಿಕೊಪ್ಪದಿಂದ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕಿತ್ತು. ಏಳನೇ ತಿಂಗಳಲ್ಲಿ ಆಗಲಿಲ್ಲ. ಎಂಟರಲ್ಲಿ ಬಸುರಿ ಊರು ದಾಟಬಾರದೆಂದು ಅವಳ ಅತ್ತೆ, ಅಂದರೆ ನಮ್ಮ ಬೀಗತಿ, ಬಿಡಲಿಲ್ಲ. ಈಗ ಒಂಬತ್ತು. ಬಾಡಿಗೆ ಗಾಡಿ ತರುತ್ತೇನೆಂದರೆ ಮಗಳೇ ಒಪ್ಪಲಿಲ್ಲ. “ಅಪ್ಪಾ, ನಿನ್ನ ಗಾಡಿಯೊಳಗ ಅಷ್ಟ ನನಗ ವಾಂತಿ ಬರಂಗಿಲ್ಲ” ಎಂದಳು. ನಡುಹಾದಿಯಲ್ಲಿ ಗಾಡಿ ನಿಂತರೆ ಗತಿಯೇನು ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಮುಳ್ಳು

ಬಾಜು ಮನೆಯ ಕಾಕಾ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಯಂತ್ರದ ವಿಷಯ ತಿಳಿದವರೆಂದು ಅವರ ಮುಂದೆ ನನ್ನ ಸಂಕಟ ಹೇಳಿಕೊಂಡೆ. “ಕಾಕಾ, ಗಾಡಿ ಮುಳ್ಳಿಂದ ಭಾಳ ತ್ರಾಸ ಆಗೇತ್ರಿ. ಒಂದ ಕಡೆ ನಿಲ್ಲವಲ್ದು, ಓಡ್ಯಾಡಾಕತ್ತೈತಿ.”

“ಮುಳ್ಳು ತಾನ ಹೋಗಂಗಿಲ್ಲೋ ಮಾಸ್ತರ, ಕೀಳಬೇಕು” ಎಂದರು.

ಸಂಜೆ ಶಾಲೆಯಿಂದ ಬಂದಾಗ ಕಾಕಾ ಚಿಮುಟ ಹಿಡಿದು ಕಾರಿನ ಪಕ್ಕದಲ್ಲಿ ಅಂಗಾತ ಮಲಗಿದ್ದರು. ಎದ್ದು, ಅಂಗೈಯಲ್ಲಿ ಒಂದು ಜಾಲಿಮುಳ್ಳು ತೋರಿಸಿದರು. “ಸಿಕ್ತು ನೋಡು. ಹಿಂದಿನ ಗಾಲಿಯೊಳಗಿತ್ತು. ಇನ್ನ ನಿಶ್ಚಿಂತಿಂದ ಹೋಗು.”

ಅವರು ಮನೆಯ ಮೆಟ್ಟಿಲು ಹತ್ತುವುದರೊಳಗೆ ಆ ಗಾಲಿ ಬುಸ್ಸೆಂದು ನೆಲಕ್ಕೆ ಕೂತಿತು. ಒಳಗಿನ ಮುಳ್ಳಿನ ಓಡಾಟ ಮಾತ್ರ ನಿಲ್ಲಲಿಲ್ಲ.

ಬಿಳಿ ಡಬ್ಬಿ

ಕುಂದಗೋಳದ ಮಿಸ್ತ್ರಿಗೆ ಫೋನ್ ಮಾಡಿದೆ. ಬಾನೆಟ್ ಎತ್ತಿ, ದಿನಾ ಮುಂಜಾನೆ ಬಿಳಿ ಡಬ್ಬಿಯಲ್ಲಿ ನೀರು ಕಡಿಮೆಯಾಗಿದ್ದರೆ ತುಂಬಿಸಿ ಎಂದ. ನನಗೆ ಮುಂಜಾನೆ ವಿಶೇಷ ತರಗತಿ. ಆ ಕೆಲಸ ಹೆಂಡತಿಗೆ ಒಪ್ಪಿಸಿದೆ. ತುಳಸಿಗೆ ನೀರು ಹಾಕಿದ ಮೇಲೆ ಕಾರಿಗೂ ಹಾಕುತ್ತಿದ್ದಳು, ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಮುಳ್ಳು ಕುಣಿಯುವುದು ನಿಲ್ಲಲಿಲ್ಲ. ಸೋಮವಾರ ಹತ್ತಿರ ಬಂತೆಂದು ನಾನು ಬೆವರುತ್ತ, ಕಾರನ್ನು ಕುಂದಗೋಳಕ್ಕೆ ಒಯ್ದೆ. ಹೆಂಡತಿಯೂ ಬಂದಳು.

ಮಿಸ್ತ್ರಿ ಬಾನೆಟ್ ಎತ್ತಿ ನೋಡಿ ನಕ್ಕ. “ಅಕ್ಕಾರ, ಬಿಳಿ ಡಬ್ಬಿ ಎರಡು ಅದಾವ್ರಿ. ನೀವು ಗಾಜು ತೊಳಿಯೂ ಡಬ್ಬಿ ತುಂಬಸೀರಿ. ಎಂಜಿನ್ ಪಾಪ ಉಪವಾಸ ಐತಿ.”

ನಾನು ಹೆಂಡತಿಯ ಕಡೆ ನೋಡಿದೆ. ಅವಳಿಗೆ ಒಂಚೂರೂ ಪಶ್ಚಾತ್ತಾಪವಿರಲಿಲ್ಲ. “ಎರಡು ಅದಾವಂತ ನೀವರೆ ಹೇಳಿದ್ರೇನು? ಗಾಜರೆ ಸ್ವಚ್ಛ ಆಗೇತಿ. ಎಂಜಿನ್ ಹಬೆ ಬಂದ್ರ ಛಲೋತಂಗ ಕಾಣತೈತಿ.”

ಅರ್ಥ

ಸರಿಯಾದ ಡಬ್ಬಿ ತುಂಬಿದರೂ ಮುಳ್ಳು ಆಗಾಗ ಜಿಗಿಯುತ್ತಿತ್ತು. ಮಿಸ್ತ್ರಿ ಎಂಜಿನ್ ಚಾಲೂ ಇಟ್ಟು ಹಾರ್ನ್ ಒತ್ತಿದ. ಮುಳ್ಳು ಕೆಂಪಿಗೆ ಹಾರಿತು. ಬಿಟ್ಟ, ಇಳಿಯಿತು. ದೀಪ ಹಚ್ಚಿದ, ಮತ್ತೆ ಹಾರಿತು. ತಲೆ ಅಲ್ಲಾಡಿಸುತ್ತ ನನ್ನ ಹತ್ತಿರ ಬಂದ.

“ಮಾಸ್ತರ, ನಿಮ್ಮ ಗಾಡಿಗೆ ಅರ್ಥ ಇಲ್ರಿ.”

ನನಗೆ ಕೆಡುಕೆನಿಸಿತು. ಮಗಳನ್ನು ಕಾಲೇಜಿಗೆ ಬಿಟ್ಟ ಗಾಡಿ, ಅವಳ ಮದುವೆಗೆ ಓಡಾಡಿದ ಗಾಡಿ. “ಹಳೇದಿರಬಹುದು, ಅಷ್ಟ ಹಗುರಾಗಿ ಮಾತಾಡಬ್ಯಾಡಪಾ” ಎಂದೆ.

“ಹಂಗಲ್ರಿ, ಅರ್ಥ ವಾಯರ್. ಜಂಗ ತಿಂದು ಸಡ್ಲ ಆಗೇತಿ.” ಅವನು ಹೇಳುತ್ತಿದ್ದದ್ದು ಅರ್ಥಿಂಗ್ ತಂತಿಯ ವಿಷಯ. ಅದರ ತುದಿಯ ತುಕ್ಕು ಉಜ್ಜಿ, ಬೋಲ್ಟ್ ಬಿಗಿದ. ಮುಳ್ಳು ನಡುವೆ ಗಪ್ಪನೆ ನಿಂತಿತು. ಕೆಳಗಿನ ನೀರಿನ ಪೈಪೂ ಹಳತಾಗಿದೆ, ಬದಲಿಸಲೇ ಎಂದು ಕೇಳಿದ. ಸೋಮವಾರ ಮುಗಿಯಲಿ, ಆಮೇಲೆ ನೋಡೋಣ ಎಂದೆ. ವಿದ್ಯುತ್ ಪಾಠ ಮಾಡುವ ನನಗೆ ನನ್ನ ಗಾಡಿಯ ಅರ್ಥ ತಿಳಿಯಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಹೆಂಡತಿ ನಕ್ಕಳು.

ನೀರು

ಸೋಮವಾರ ದೇವಿಕೊಪ್ಪದಿಂದ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆವು. ಕಲಘಟಗಿ ಮುಟ್ಟುವ ಮೊದಲೇ ಮುಳ್ಳು ಏರಿತು. ಈ ಸಲ ತಂತಿಯ ತಪ್ಪಲ್ಲ, ಅದೇ ಹಳೇ ಪೈಪು ಸೀಳಿ ನೀರು ಸೋರುತ್ತಿತ್ತು. ಮಗಳನ್ನು ಹುಣಸೆಮರದ ನೆರಳಿಗೆ ಕೂರಿಸಿ ಮಿಸ್ತ್ರಿಗೆ ಫೋನ್ ಮಾಡಿದೆ.

“ಮೊದಲ ಆರಲಿ. ತಣ್ಣೀರು ಸುರದ್ರ ಎಂಜಿನ್ ಸೀಳತೈತಿ, ಬೆಚ್ಚಗಿನ ನೀರ ಹಾಕ್ರಿ. ಪೈಪಿಗೆ ಅರಿವಿ ಸುತ್ತಿ ಬಿಗೀರಿ. ನಾನ ಮತ್ತ ಫೋನ್ ಮಾಡತೇನಿ” ಎಂದ. ನಡುಹಾದಿಯಲ್ಲಿ ಬೆಚ್ಚಗಿನ ನೀರು, ಹಳೇ ಬಟ್ಟೆ ಎಲ್ಲಿಂದ ತರಲಿ?

ಅಷ್ಟರಲ್ಲಿ ಫೋನ್ ಬಂತು. ಕಣ್ಣಿಗೆ ಚಾಳೀಸು ಇರಲಿಲ್ಲ, ಹೆಸರು ಓದಲಾಗಲಿಲ್ಲ, ಲಾರಿಗಳ ಸದ್ದು ಬೇರೆ. ಅವನೇ ಎಂದುಕೊಂಡು ಒದರಿದೆ. “ನೀರು ಹೋಗೂದು ನಿಂದ್ರವಲ್ದು. ಮೈಯೆಲ್ಲಾ ಕಾದು ಕೆಂಡ ಆಗೇತಿ.”

“ಅಯ್ಯ ಶಿವನ, ಮಲಗಸ್ರಿ ಮೊದಲ.”

“ಮಲಗಸೂದು ಹೆಂಗ? ರಸ್ತಾ ಬಾಜೂಕ ನಿಲ್ಲಿಸೇನಿ. ಹಿಂದ ಕಲ್ಲು ಇಟ್ಟೇನಿ, ಉರುಳಂಗಿಲ್ಲ.”

ಫೋನ್ ಕಟ್ಟಾಯಿತು.

ಅರ್ಧ ತಾಸಿಗೆ ದೇವಿಕೊಪ್ಪದ ಕಡೆಯಿಂದ ಜೀಪು ಬಂತು. ಬೀಗತಿ ಇಳಿದರು, ಫೋನ್ ಮಾಡಿದವರು ಅವರೇ ಎಂದು ಆಗ ತಿಳಿಯಿತು. ಹಿಂದೆ ಊರಿನ ನರ್ಸಬಾಯಿ, ಜೊತೆಗೆ ಕಾಸಿದ ನೀರಿನ ಕ್ಯಾನು, ಒಂದು ಗಂಟು ಹಳೇ ಸೀರೆ. ಮಗಳು ಮರದ ಕೆಳಗೆ ಅವರೇ ಕಟ್ಟಿಕೊಟ್ಟಿದ್ದ ಉಂಡಿ ತಿನ್ನುತ್ತಿದ್ದಳು. ಬೀಗತಿ ಅವಳನ್ನು ನೋಡಿದರು, ಬಾನೆಟ್ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿ ಕೈಮುಗಿದೆ. ಅವರು ಸೀರೆ ಹರಿದು ಕೊಟ್ಟರು. ಪೈಪಿಗೆ ಸುತ್ತಿ, ಅವರ ನೀರನ್ನು ಹದವಾಗಿ ಆರಿಸಿ ಹಾಕಿದೆವು. ಗಾಡಿ ಗುಡಗೇರಿಯವರೆಗೂ ತಕರಾರಿಲ್ಲದೆ ಬಂತು.

ಹದಿನೈದು ದಿನದ ಮೇಲೆ ಮಗಳಿಗೆ ನಿಜವಾಗಿಯೂ ಹೊತ್ತು ಬಂತು. ಹೊಸ ಪೈಪು ಹಾಕಿದ ಅದೇ ಗಾಡಿಯಲ್ಲಿ ದವಾಖಾನೆ ಮುಟ್ಟಿಸಿ, ಬೀಗತಿಗೆ ಫೋನ್ ಮಾಡಿದೆ.

“ಲಗೂನ ಬರ್ರಿ, ನೀರು ಹೊಂಟಾವು.”

ಆ ಕಡೆ ಬೀಗತಿ ಶಾಂತವಾಗಿ ಹೇಳಿದರು. “ಮಾಸ್ತರ, ಅರಿವಿ ಸುತ್ತಿ ಬಿಗೀರಿ. ನನಗ ಇಲ್ಲಿ ಗೋವಿನಜ್ವಾಳ ಬಿಡಸೂದೈತಿ.”