ಕುರ್ಚಿಗಳನ್ನು ತೆಗೆಯಲಾಗಿದೆ

ಮಾನ್ಯ ಆಡಳಿತಾಧಿಕಾರಿಗಳ ಸನ್ನಿಧಿಗೆ, ತಮ್ಮ ಶಾಲೆಯಲ್ಲಿ ದೊಡ್ಡ ತರಗತಿಗಳಿಗೆ ವ್ಯಾಕರಣ ಕಲಿಸುವ ಹಿರಿಯ ಶಿಕ್ಷಕಿಯು ನಿಂತುಕೊಂಡೇ ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಬೆನ್ನಿಗೆ ಒರಗು, ಕೈಗೆ ಆಸರೆ, ಕಾಲಿಗೆ ಗಾಲಿ ಇರುವ ಕುರ್ಚಿಯಲ್ಲಿ ಕುಳಿತವರು ಕ್ಷೇಮವಾಗಿರದೆ ಇನ್ಯಾರು ಇರಬೇಕು? ನಾವೂ ಒಂದು ಮಟ್ಟಿಗೆ ಕ್ಷೇಮವೇ. "ಕಲಿಕೆಯ ಗುಣಮಟ್ಟವನ್ನು ಹೆಚ್ಚಿಸುವ ದೃಷ್ಟಿಯಿಂದ ತರಗತಿಗಳಲ್ಲಿದ್ದ ಶಿಕ್ಷಕರ ಕುರ್ಚಿಗಳನ್ನು ತೆಗೆಯಲಾಗಿದೆ" ಎಂಬ ತಮ್ಮ ಸುತ್ತೋಲೆ ಬಂದ ಮೇಲೆ ನಮ್ಮ ಕ್ಷೇಮವು ಮಂಡಿಯಿಂದ ಮೇಲಕ್ಕೆ ಮಾತ್ರ ಉಳಿದಿದೆ ಎಂಬುದನ್ನು ಬಿಟ್ಟರೆ ಬೇರೆ ದೂರಿಲ್ಲ.

ಈ ಕ್ರಮದ ಹಿಂದಿನ ದೂರದೃಷ್ಟಿಯನ್ನು ಮೆಚ್ಚದಿದ್ದರೆ ನನ್ನ ನಾಲಿಗೆಗೆ ದೋಷ ಬಂದೀತು. ಹೋದ ವರ್ಷ ಫಲಿತಾಂಶ ಇಳಿಯಿತು. ಒಂದು ಕೊಠಡಿಗೆ ಎರಡು ಕೊಠಡಿಯ ಮಕ್ಕಳನ್ನು ತುಂಬಿದ್ದು, ಗಣಿತದವರು ಬಿಟ್ಟುಹೋದ ಮೇಲೆ ಸಂಗೀತದವರ ಕೈಯಲ್ಲಿ ಬೀಜಗಣಿತ ಮಾಡಿಸಿದ್ದು ಇವೆಲ್ಲ ಅದಕ್ಕೆ ಕಾರಣವಿರಬಹುದೆಂದು ನಮ್ಮಂಥ ಅಲ್ಪಮತಿಗಳು ಅಂದುಕೊಂಡಿದ್ದೆವು. ಕಾರಣ ಕುರ್ಚಿ ಎಂದು ಹೊಳೆದದ್ದು ತಮಗೆ ಮಾತ್ರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಎಂದು ಹಿಂದಿನವರು ಹೇಳುತ್ತಿದ್ದರು. ಎಮ್ಮೆಯನ್ನೂ ಬಿಟ್ಟು ಕೊಟ್ಟಿಗೆಯ ಕಂಬಕ್ಕೇ ಬರೆ ಎಳೆದವರನ್ನು ಅವರು ಕಂಡಿರಲಿಲ್ಲ. ಬರೆ ತಿಂದ ಆ ಕುರ್ಚಿಗಳು ಈಗ ತಮ್ಮ ಕೊಠಡಿಯ ಹೊರಗೆ ಸಾಲಾಗಿವೆ. ನನ್ನದನ್ನು ಕುಂಟು ಕಾಲಿನಿಂದ ಗುರುತು ಹಿಡಿದೆ. ಅದರ ಮೇಲೆ ಶುಲ್ಕ ವಿಚಾರಿಸಲು ಬಂದ ತಂದೆಯೊಬ್ಬರು ತೂಗಾಡುತ್ತ ಕುಳಿತಿದ್ದರು.

ಸಿಬ್ಬಂದಿಯಲ್ಲಿ ಸುತ್ತೋಲೆಯಿಂದ ಬೇಸರವಾಗದವರು ವ್ಯಾಯಾಮದ ಮೇಷ್ಟ್ರು ಒಬ್ಬರೇ. "ನಂಗೆ ಮೊದಲಿಂದಾನೂ ಕುರ್ಚಿ ಕೊಟ್ಟೇ ಇಲ್ಲ ಮೇಡಂ, ತೆಗೆಯೋಕೆ ಏನಿದೆ?" ಎಂದು ಅವರು ಸೀಟಿಯ ದಾರ ಸುತ್ತುತ್ತ ಅಂದರು. ಇಂಥ ಸಮಚಿತ್ತ ನಮಗೂ ಬರಲೆಂದು ಹಾರೈಸಬೇಕು.

ಆದರೆ ಮಾನ್ಯರೇ, ಸುತ್ತೋಲೆಯಲ್ಲಿ ನನಗೊಂದು ವ್ಯಾಕರಣದ ತೊಡಕು ಎದುರಾಯಿತು. ಪಾಠ ಕರ್ತರಿ ಮತ್ತು ಕರ್ಮಣಿ ಪ್ರಯೋಗಕ್ಕೆ ಬಂದಾಗ, ಹಾಳು ಅಭ್ಯಾಸ, ಕಣ್ಣೆದುರಿಗಿನ ಉದಾಹರಣೆಯೇ ಇರಲೆಂದು ತಮ್ಮ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದೆ. "ಮಿಸ್, ಯಾರು ತೆಗೆದ್ರು?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿಯೇಬಿಟ್ಟಳು. ಗೊತ್ತಿಲ್ಲವೆನ್ನಲು ನಾಚಿಕೆಯಾಗಿ ವಿಚಾರಿಸಲು ಹೊರಟೆ. ಮುಖ್ಯೋಪಾಧ್ಯಾಯರು "ಮೇಲಿಂದ ಬಂದಿದ್ದು" ಎಂದು ಸೂರು ನೋಡಿದರು. ಗುಮಾಸ್ತರು "ನಾನು ಟೈಪ್ ಮಾಡಿದ್ದಷ್ಟೇ" ಎಂದರು. ಜವಾನ "ಹೊತ್ತಿದ್ದು ನಾನೇ, ತೆಗೆದಿದ್ದು ನಾನಲ್ಲಮ್ಮ" ಎಂದ. "ಬಡಗಿಯಿಂದ ಕುರ್ಚಿ ಮಾಡಲ್ಪಟ್ಟಿತು" ಎನ್ನುವಾಗ ಬಡಗಿಯು ಬಾಗಿಲ ಸಂದಿಯಲ್ಲಾದರೂ ನಿಂತಿರುತ್ತಾನೆ. ತಮ್ಮ "ತೆಗೆಯಲಾಗಿದೆ"ಯಲ್ಲಿ ನರಪಿಳ್ಳೆಯೂ ಇಲ್ಲ. ಆದ್ದರಿಂದ ಒಂದೋ ಆ ವಾಕ್ಯದ ಕರ್ತೃವನ್ನು ಹುಡುಕಿಸಿ ನಮ್ಮ ತರಗತಿಗೆ ಕಳಿಸಿಕೊಡಬೇಕು, ಇಲ್ಲವೇ ಕರ್ತೃ ಎಂಬ ಪದವನ್ನೇ ಪಠ್ಯದಿಂದ ತೆಗೆದುಹಾಕಿ ಮಕ್ಕಳಿಗೂ ನನಗೂ ಉಪಕಾರ ಮಾಡಬೇಕೆಂದು ವಿನಂತಿ.

ಇನ್ನು ವಿಜ್ಞಾನದ ಶಿಕ್ಷಕಿಯ ವಿಷಯ. ಆಕೆ ಎಂಟು ತಿಂಗಳ ಗರ್ಭಿಣಿ. ಪ್ರಯೋಗಾಲಯದಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಆಕೆ ಕುಳಿತದ್ದನ್ನು ತಮ್ಮ ಕ್ಯಾಮೆರಾ ಕಂಡಿತು, ಮತ್ತು "ಶಿಸ್ತನ್ನು ಉಲ್ಲಂಘಿಸಲಾಗಿದೆ" ಎಂಬ ನೋಟಿಸು ಹೋಯಿತು. ಬಕೆಟ್ಟು ಕುರ್ಚಿಯಲ್ಲವೆಂಬ ವಾದ ನಿಲ್ಲಲಿಲ್ಲ. ಈ ಕಾರಣಕ್ಕೆ ಆಕೆಯನ್ನು ಕೆಲಸದಿಂದ ಬಿಡಿಸಿದರೆ ಹೆರಿಗೆ ರಜೆ ಕೊಡುವ ತಾಪತ್ರಯವೂ ತಪ್ಪುತ್ತದೆ ಎಂದು ಸಿಬ್ಬಂದಿ ಕೊಠಡಿಯಲ್ಲಿ ಆಡಿಕೊಳ್ಳುತ್ತಾರೆ. ಅಂಥ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುವವಳಲ್ಲ. ಅದು ತಾನಾಗಿ ಬಂದು ಬೀಳುತ್ತದೆ.

ನಿನ್ನೆ ತಾವು ನನ್ನನ್ನು ಕರೆಸಿ, ಎದುರಿನ ಕುರ್ಚಿ ತೋರಿಸಿ, ಚಹಾ ತರಿಸಿದಿರಿ. ಇಷ್ಟು ವರ್ಷಗಳಲ್ಲಿ ಇದೇ ಮೊದಲಾದ್ದರಿಂದ ಆಗಲೇ ಅನುಮಾನ ಬಂತು. "ಒಂದೇ ಒಂದು ಸಾಲು ಬರೆದುಕೊಡಿ ಅಮ್ಮ. ನಿಮಗೂ ನಿವೃತ್ತಿ ಹತ್ತಿರ ಬಂತು, ಈ ವಯಸ್ಸಿನಲ್ಲಿ ಯಾಕೆ ತಲೆನೋವು?" ಎಂದು ಹೆತ್ತ ಮಗನ ಹಾಗೆ ಅಕ್ಕರೆ ತೋರಿದಿರಿ. "ಕುಳಿತುಕೊಳ್ಳಕೂಡದೆಂದು ಸದರಿ ಶಿಕ್ಷಕಿಗೆ ಎಚ್ಚರಿಕೆ ನೀಡಲಾಗಿತ್ತು" ಎಂಬುದು ಆ ಸಾಲು. ಅದರ ಕೆಳಗೆ ಹಿರಿಯ ಶಿಕ್ಷಕಿಯಾದ ನನ್ನ ಸಹಿ ಬಿದ್ದರೆ ವಿಜ್ಞಾನದ ಶಿಕ್ಷಕಿಯ ಕೆಲಸ ಹೋದಂತೆ. ಚಹಾದಲ್ಲಿ ಸಕ್ಕರೆ ಹೆಚ್ಚಾಗಿತ್ತು ಎಂಬುದನ್ನೂ ಈ ಸಂದರ್ಭದಲ್ಲಿ ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ಮಾನ್ಯರೇ, ಇಲ್ಲಿಯವರೆಗೆ ವಿನಯದಿಂದ ಬರೆದೆ, ಇನ್ನು ಆಗುವುದಿಲ್ಲ. ನನಗೆ ಕೆಟ್ಟ ಸಿಟ್ಟು ಬಂದಿದೆ. ಅಂದು ಪ್ರಯೋಗಾಲಯದಲ್ಲಿ ಆ ಬಸುರಿ ಹುಡುಗಿ ಗೋಡೆ ಹಿಡಿದು ಬೆವರುತ್ತಿದ್ದಳು. ಕಾಲುಗಳು ಚಪ್ಪಲಿಯಲ್ಲಿ ಹಿಡಿಸದಷ್ಟು ಊದಿದ್ದವು. ಆ ಬಕೆಟ್ಟನ್ನು ಬೋರಲು ಹಾಕಿದವಳು ನಾನು. ಅದರ ಮೇಲೆ ಶಾಲು ಮಡಿಸಿ ಹಾಸಿದವಳೂ ನಾನು. "ಬೇಡ ಮಿಸ್, ಕ್ಯಾಮೆರಾ ಇದೆ" ಅಂದಳು. "ನೀನು ಕೂತ್ಕೊ ಮಗಳೇ, ಏನಾದ್ರೂ ಕೇಳಿದ್ರೆ ನಾನು ಹೇಳ್ತೀನಿ" ಅಂದೆ. ಈಗ ತಾವು ಕೇಳಿದ್ದೀರಿ.

ಆದ್ದರಿಂದ ತಾವು ಹೇಳಿಕೊಟ್ಟ ಸಾಲಿನ ಬದಲಿಗೆ, ಕರ್ತರಿ ಪ್ರಯೋಗದಲ್ಲಿ, ನನ್ನ ಸಾಲು ಹೀಗಿದೆ: ವಿಜ್ಞಾನದ ಶಿಕ್ಷಕಿಯನ್ನು ನಾನು ಕೂರಿಸಿದೆನು. ಕ್ರಮ ಕೈಗೊಳ್ಳುವುದಿದ್ದರೆ ಕರ್ತೃವಿನ ಮೇಲೆ ಕೈಗೊಳ್ಳಿ. ಕರ್ಮಪದವಾಗಿ ಕುಳಿತ ಬಸುರಿಯನ್ನು ಅವಳ ಪಾಡಿಗೆ ಬಿಡಿ.

ತಮ್ಮ ವಿಶ್ವಾಸಿ, ತಾವು ವಿಶ್ವಾಸವಿಡದಿದ್ದರೂ,
ವ್ಯಾಕರಣದ ಮಿಸ್

ಮರೆತ ಮಾತು: ಈ ಪತ್ರವನ್ನು ಸಿಬ್ಬಂದಿ ಕೊಠಡಿಯ ಮೇಜಿನ ಮೇಲಿಟ್ಟು ಒಂದು ಪಾಠ ಮುಗಿಸಿ ಬರುವಷ್ಟರಲ್ಲಿ, ನನ್ನ ಸಾಲಿನ "ನಾನು" ಎಂಬುದಕ್ಕೆ ಅಡ್ಡಗೆರೆ ಎಳೆದು ಯಾರೋ "ನಾವು" ಎಂದು ಬರೆದಿದ್ದಾರೆ. ಇನ್ಯಾರೋ ಬೇರೆ ಬಣ್ಣದ ಶಾಯಿಯಲ್ಲಿ "ಕೂರಿಸಿದೆನು" ಎಂಬುದನ್ನು "ಕೂರಿಸಿದೆವು" ಎಂದು ಮಾಡಿದ್ದಾರೆ. ವಚನ ಸರಿಯಾಗಿ ಹೊಂದುವುದರಿಂದ ವ್ಯಾಕರಣದವಳಾಗಿ ನನ್ನ ಆಕ್ಷೇಪವಿಲ್ಲ. ಯಾರು ತಿದ್ದಿದರೆಂದು ತಾವು ವಿಚಾರಿಸಿದರೆ ಇಲ್ಲಿ ಎಲ್ಲರೂ ತಮ್ಮಿಂದ ಕಲಿತ ಒಂದೇ ಉತ್ತರವನ್ನು ಕೊಡುತ್ತಾರೆ: ತಿದ್ದಲಾಗಿದೆ.