ಮೀಸೆ ಇಲ್ಲದ ಅಪ್ಪ

ಹೇಮರಾಜನ ಮೀಸೆಗೆ ಕುತ್ತು ಬಂದದ್ದು ಶಿಶು ಮನಶ್ಶಾಸ್ತ್ರದಿಂದ.

ಮೂಡುಬಿದಿರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವನು ಶಿಕ್ಷಕ ತರಬೇತಿಯ ಬಿ.ಟಿ. ಮಾಡುವಾಗ ಆ ಶಾಸ್ತ್ರವನ್ನು ಶ್ರದ್ಧೆಯಿಂದ ಓದಿದ್ದ. ಗರ್ಭದೊಳಗಿನ ಮಗುವಿಗೂ ಧ್ವನಿ ಕೇಳಿಸುತ್ತದೆ ಎಂದು ನಂಬಿದ್ದ. ಆದರೆ ಚೊಚ್ಚಲ ಬಸುರಿ ತ್ರಿಶಲಾಳನ್ನು ಏಳನೆಯ ತಿಂಗಳಲ್ಲೇ ನಾರಾವಿಯ ತವರಿಗೆ ಕರೆದೊಯ್ದರು. ಒಂದು ಭಾನುವಾರ ಅಲ್ಲಿಗೆ ಹೋಗಿ, ಯಾರೂ ಇಲ್ಲದ ಹೊತ್ತು ನೋಡಿ, ಹೆಂಡತಿಯ ಹೊಟ್ಟೆಯ ಬಳಿ ಬಗ್ಗಿ "ನಾನು ನಿನ್ನ ಅಪ್ಪ" ಎಂದು ಪರಿಚಯ ಹೇಳಿಕೊಳ್ಳುತ್ತಿದ್ದಾಗ ಅತ್ತೆ ಕಷಾಯ ಹಿಡಿದು ಬಂದರು. ಅಳಿಯನಿಗೂ ಒಂದು ಲೋಟ ಕುಡಿಸಿದರು. ಆಮೇಲೆ ಅವನಿಗೆ ಚಾವಡಿಯ ಬೆಂಚೇ ಗತಿ.

ಮಗ ಹುಟ್ಟಿದ. ಅಳಿಯಸಂತಾನದ ಮನೆ, ಅಲ್ಲಿ ಮಗುವಿಗೆ ಸೋದರಮಾವನೇ ದೊಡ್ಡವ, ಅಪ್ಪ ಉಂಡು ಹೋಗುವ ನೆಂಟ. "ಆಟಿ ತಿಂಗಳು ಕಳೆಯಲಿ", "ದೀಪಾವಳಿ ಕಳೆಯಲಿ" ಎಂದು ಬಾಣಂತನ ರಬ್ಬರಿನಂತೆ ಹಿಗ್ಗಿತು. ಮಾವ ವಿಮಲಕುಮಾರನ ಹೆಗಲೇರಿ ನಗುವ ಮಗು ಹೇಮರಾಜನನ್ನು ಕಂಡರೆ ಕಿರಿಚುತ್ತಿತ್ತು. ಎಂಟು ತಿಂಗಳ ಮಗು ಹೊಸ ಮುಖಕ್ಕೆ ಹೆದರುವುದು ಸರಿಯಾದ ಬೆಳವಣಿಗೆಯ ಲಕ್ಷಣ, ನಿಜ. ಆದರೆ ಬಸ್ಸಿನಲ್ಲಿ ಒಬ್ಬನೇ ಹಿಂದಿರುಗುವವನಿಗೆ ಲಕ್ಷಣದಿಂದ ಏನು ಸಮಾಧಾನ? ಕಡೆಯ ಎರಡು ತಿಂಗಳು ಅವನು ಹೋಗುವುದನ್ನೇ ಬಿಟ್ಟ. ಸಂಜೆ ಮನೆಯಲ್ಲಿ ಕೂತು ಖಾಲಿ ತೊಟ್ಟಿಲು ತೂಗುತ್ತಿದ್ದ.

ಇವತ್ತು ಮಧ್ಯಾಹ್ನದ ಬಸ್ಸಿಗೆ ತಾಯಿ ಮಗು ಬರುವವರಿದ್ದರು. ಬೆಳಿಗ್ಗೆಯೇ ಬೇಲಿಯಾಚೆಯಿಂದ ನೆರೆಮನೆಯ ಸೇಸಮ್ಮ ಕೇಳಿದಳು:

"ಇವತ್ತೂ ಮಗು ಕೂಗಿದರೆ ಎಂತ ಮಾಡ್ತೀರಿ, ಮಾಸ್ಟ್ರೇ?"

"ಮಗುವಿಗೆ ಗುರುತಿನ ಮುಖ ಬೇಕು ಸೇಸಮ್ಮ. ಅದು ಶಾಸ್ತ್ರ."

"ಅದು ಕಂಡದ್ದು ಮಾವನ ಮುಖ. ಅವರಿಗೆ ಮೀಸೆ ಉಂಟಾ? ಕನ್ನಡಕ ಉಂಟಾ? ನಿಮ್ಮ ಮೀಸೆ, ಕನ್ನಡಕ ನೋಡಿದರೆ ನನಗೇ ಒಮ್ಮೊಮ್ಮೆ ಎದೆ ಝಲ್ ಅಂತದೆ!"

ಹೇಮರಾಜ ನೆಟ್ಟಗೆ ಧರ್ಣಪ್ಪನ ಕ್ಷೌರದಂಗಡಿಗೆ ನಡೆದ.

"ಇಷ್ಟು ವರ್ಷದ ಮೀಸೆ! ಯಾರು ತೀರಿಕೊಂಡರು ಮಾಸ್ಟ್ರೇ?" ಧರ್ಣಪ್ಪ ಗಾಬರಿಯಾದ.

"ಯಾರೂ ಇಲ್ಲ ಮಾರಾಯ. ಮಗ ಬರ್ತಾನೆ."

"ಹಾಗಾದರೆ ಮೊದಲು ಒಂದು ಬದಿ ತೆಗೆದು ನೋಡುವ."

ಒಂದು ಬದಿ ತೆಗೆದದ್ದೇ ಅಂಗಡಿಯಲ್ಲಿ ಸಭೆ ಸೇರಿತು. "ಬೇಡ, ಇನ್ನೊಂದು ಇರಲಿ" ಎಂದು ಒಬ್ಬ. "ಅರ್ಧ ಬಿಟ್ಟರೆ ಮಗು ಮಾತ್ರ ಅಲ್ಲ, ಶಾಲೆಯೇ ಓಡೀತು" ಎಂದು ಮತ್ತೊಬ್ಬ. ಕೊನೆಗೆ ಎರಡೂ ಹೋದವು. ಕ್ಯಾಲೆಂಡರ್ ತೆಗೆದ ಗೋಡೆಯಂತೆ ಮೇಲ್ದುಟಿ ಬೆಳ್ಳಗಾಯಿತು.

ಕನ್ನಡಕ ಕಿಸೆಗಿಟ್ಟು ಬಸ್‌ಸ್ಟ್ಯಾಂಡಿಗೆ ಹೋದರೆ ಲೋಕವೆಲ್ಲ ಮಂಜು. ಮಂಗಳೂರಿನ ಬಸ್ಸಿನಿಂದ ಇಳಿದ ತೋಡಾರಿನ ಅಜ್ಜಿಯೊಬ್ಬಳ ಕಂಕುಳಿನ ಕುಂಬಳಕಾಯಿಗೆ ಕೈಚಾಚಿ "ಬಾ ಮಗಾ" ಎಂದ. ಅಜ್ಜಿ ಕುಂಬಳಕಾಯಿಯನ್ನು ಬಿಗಿಯಾಗಿ ತಬ್ಬಿಕೊಂಡು ಓಡಿದಳು.

ನಾರಾವಿಯ ಬಸ್ಸು ಬಂತು. ತ್ರಿಶಲಾ ಮಗುವನ್ನೆತ್ತಿ ಇಳಿದವಳು ಅವನನ್ನೇ ಕೇಳಿದಳು: "ಇಲ್ಲಿ ಹೇಮರಾಜ ಮಾಸ್ಟ್ರು..." ಮಾತು ಅಲ್ಲೇ ನಿಂತಿತು. "ಅಯ್ಯೋ! ಮೀಸೆ ಎಲ್ಲಿ?"

ಮಗು ಕಿರಿಚಿತು.

"ಅವನಿಗೋಸ್ಕರವೇ ತೆಗೆದದ್ದು. ಮೀಸೆ ಕಂಡರೆ ಹೆದರ್ತಾನಲ್ಲ?"

ತ್ರಿಶಲಾ ಟ್ರಂಕಿನ ಮೇಲೆ ಕುಸಿದಳು. "ನೀವು ಬರುವುದನ್ನು ಬಿಟ್ಟಿರಿ. ನಾನು ನಮ್ಮ ಮದುವೆಯ ಫೋಟೋ ತೊಟ್ಟಿಲ ಎದುರು ತೂಗುಹಾಕಿ, ದಿನಾ 'ಇದು ಅಪ್ಪ' ಅಂತ ತೋರಿಸಿದೆ. ಈಗ ಆ ಮೀಸೆಗೆ ಮುತ್ತು ಕೊಡದೆ ಇವ ಮಲಗುವುದೇ ಇಲ್ಲ!"

ಅಷ್ಟರಲ್ಲಿ ಬಸ್ ಏಜೆಂಟ್ ಮುಂಡಪ್ಪ ಚೀಲ ಇಳಿಸಿಕೊಡಲು ಬಂದ. ಅವನಿಗೆ ದಪ್ಪ ಮೀಸೆ, ಅದರ ಮೇಲೆ ಕನ್ನಡಕ. ಮಗು ಅಳು ನಿಲ್ಲಿಸಿ ಎರಡೂ ಕೈ ಚಾಚಿತು. "ಪ್ಪ... ಪ್ಪ!"

ಬಸ್‌ಸ್ಟ್ಯಾಂಡ್ ಗೊಳ್ಳೆಂದಿತು. "ದೇವರಾಣೆ ಮಾಸ್ಟ್ರೇ, ನನಗೇನೂ ಗೊತ್ತಿಲ್ಲ!" ಎಂದು ಮುಂಡಪ್ಪ ಹಿಂದೆ ಸರಿದ.

ಸಂಜೆ ಹೇಮರಾಜ ಕನ್ನಡಕ ಹಾಕಿ ತೊಟ್ಟಿಲ ಬಳಿ ಕೂತ. ಮಗು ಮತ್ತೆ ಕಿರಿಚಿತು. ತ್ರಿಶಲಾ ಟ್ರಂಕಿನಿಂದ ಫೋಟೋ ತೆಗೆದು ಅವನ ಕೈಗಿಟ್ಟು, ಗಂಜಿ ಕಾಯಿಸಲು ಒಳಗೆ ಹೋದಳು. ಅವನು ಒಂದು ಕೈಯಲ್ಲಿ ಅದನ್ನು ಮುಖಕ್ಕೆ ಅಡ್ಡ ಹಿಡಿದು, ಇನ್ನೊಂದರಲ್ಲಿ ತೊಟ್ಟಿಲು ತೂಗಿದ.

ಮಗು ಕಿಲಕಿಲ ನಕ್ಕಿತು. ಇಷ್ಟು ತಿಂಗಳು ಅವನು ಕಾದದ್ದು ಆ ನಗುವಿಗೇ.

"ಎಂತ ಮಗಾ?" ಎಂದ ಹೇಮರಾಜ. ಅವನ ಕಣ್ಣೆದುರು ಇದ್ದದ್ದು ಫೋಟೋದ ಹಿಂಬದಿಯ ರಟ್ಟು ಮತ್ತು ತುಕ್ಕು ಹಿಡಿದ ಒಂದು ಮೊಳೆ.